ನೀರಿನ ಖರ್ಚಿಗೂ ಒಂದು ಲೆಕ್ಕ ಬೇಡವೇ?

ಶಿವರಾತ್ರಿ ಕಳೆಯಿತು. ಚಳಿ ಹೋಯಿತು, ಬಯಲುಸೀಮೆಯ ಊರುಗಳಲ್ಲಿ ನೀರಿನ ಮಾತು ಶುರುವಾಯಿತು. ಬೇಸಿಗೆ ಬಂತೆಂದರೆ ಈ ಪುಟದಲ್ಲಿ ತೋಟಕ್ಕೆ ಹನಿ ನೀರಾವರಿ, ಗಿಡದ ಬುಡಕ್ಕೆ ಹೊದಿಕೆ, ಬದುವಿನ ಕೆಲಸ ಎಂದು ಬರೆಯುವುದು ವಾಡಿಕೆ. ಈ ವಾರ ಹೊಲ ಬಿಟ್ಟು ಮನೆಯೊಳಗೆ ಬರೋಣ. ಅಡಿಗೆಮನೆ, ಬಚ್ಚಲು, ಕೊಟ್ಟಿಗೆ, ಮಾಳಿಗೆಯ ಮೇಲಿನ ಟ್ಯಾಂಕು, ಇಲ್ಲೆಲ್ಲ ನೀರು ಹೇಗೆ ಹೋಗುತ್ತಿದೆ, ಅದರ ಹಿಂದೆಯೇ ದುಡ್ಡು ಹೇಗೆ ಹೋಗುತ್ತಿದೆ ಎಂಬುದು ಇಂದಿನ ವಿಷಯ.

ಕಳೆದ ತಿಂಗಳು ಹಳ್ಳಿಯೊಂದರ ರೈತ ಸಭೆಯಲ್ಲಿ ಈ ಮಾತು ತೆಗೆದಾಗ ಹಿರಿಯರೊಬ್ಬರು ನಕ್ಕುಬಿಟ್ಟರು. “ಪಂಚಾಯ್ತಿ ನೀರಿನ ಕಂದಾಯ ಎಷ್ಟು ಸ್ವಾಮಿ? ಮನೆಗೆ ತಿಂಗಳಿಗೆ ತರೋ ಕಾಫಿಪುಡಿ ದುಡ್ಡಿಗಿಂತ ಕಮ್ಮಿ. ಅದರಲ್ಲಿ ಉಳಿಸಿ ಯಾವ ಗಂಟು ಕಟ್ಟೋದು?” ಎಂದರು. ಅವರ ಮಾತು ಅರ್ಧ ನಿಜ. ಪಂಚಾಯಿತಿ ರಸೀದಿಯಲ್ಲಿ ಕಾಣುವ ಮೊತ್ತ ದೊಡ್ಡದಲ್ಲ. ಆದರೆ ನೀರಿನ ಖರ್ಚೆಲ್ಲ ನೀರಿನ ರಸೀದಿಯಲ್ಲೇ ಬರುತ್ತದೆ ಎಂದು ತಿಳಿದದ್ದು ತಪ್ಪು. ಅದು ಕರೆಂಟಿನ ಬಿಲ್ಲಿನಲ್ಲಿ ಸೇರಿಕೊಂಡಿದೆ. ಸೌದೆಯ ಹೊರೆಯಲ್ಲಿ, ಗ್ಯಾಸಿನ ಸಿಲಿಂಡರಿನಲ್ಲಿ, ಮೋಟಾರಿನ ರಿಪೇರಿಯಲ್ಲಿ, ಏಪ್ರಿಲಿನಲ್ಲಿ ತರಿಸುವ ಟ್ಯಾಂಕರಿನಲ್ಲಿ, ಶುದ್ಧ ನೀರಿನ ಘಟಕದಿಂದ ಹೊತ್ತು ತರುವ 20 ಲೀಟರ್ ಕ್ಯಾನಿನಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಹರಿದುಹೋಗುತ್ತಿದೆ. ಇಡಿಯಾಗಿ ಹೋಗುವ ದುಡ್ಡಿಗೆ ನಾವು ಮರುಗುತ್ತೇವೆ, ಚಿಲ್ಲರೆಯಾಗಿ ಹೋಗುವುದು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಬೇರೆಯವರ ಮನೆಯ ಮಾತಾಡುವ ಮೊದಲು ನನ್ನ ಮನೆಯ ಕತೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಒಂದೂವರೆ ಎಚ್.ಪಿ. ಮೋಟಾರಿನ ಸಣ್ಣ ಕೊಳವೆಬಾವಿ ಇದೆ. ಬೆಳಿಗ್ಗೆ ಎದ್ದು ಮೋಟಾರು ಹಾಕುವುದು ನನ್ನ ಕೆಲಸ. ಹಾಕಿ, ಪೇಪರು ಹಿಡಿದು ಕೂತರೆ ಮಾಳಿಗೆಯಿಂದ ನೀರು ಸುರಿಯುವ ಸದ್ದು ಕೇಳಿದ ಮೇಲೇ ಏಳುವುದು. ಅದೂ ಪುಟದ ಕೊನೆ ಸಾಲು ಮುಗಿದ ಮೇಲೆ. ಒಂದು ದಿನ ಮನೆಯಾಕೆ, “ಊರೂರಿಗೆ ಹೋಗಿ ಹನಿ ನೀರಾವರಿ ಮಾಡಿ ಅಂತ ಹೇಳ್ತೀರಿ, ಮನೇಲಿ ದಿನಾ ಕೋಡಿ ಹರಿಸ್ತೀರಿ” ಎಂದಳು. ಮಾತು ನಾಟಿತು. ಅಂದು ಕೊಡವೊಂದನ್ನು ಟ್ಯಾಂಕಿಗೆ ನೀರು ಬೀಳುವ ಪೈಪಿಗೆ ಹಿಡಿದು ಗಡಿಯಾರ ನೋಡಿದೆ. 15 ಲೀಟರಿನ ಕೊಡ 25 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 36 ಲೀಟರ್. ನಾನು ಹತ್ತು ನಿಮಿಷ ಪೇಪರು ಓದಿದರೆ 360 ಲೀಟರ್ ಚರಂಡಿಗೆ.

ಈ ಅಂಕಿ ದೊಡ್ಡದೋ ಸಣ್ಣದೋ ಎಂಬುದಕ್ಕೆ ಒಂದು ಅಳತೆಗೋಲು ಬೇಕಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದದ್ದು, ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಐದು ಜನರ ಸಂಸಾರಕ್ಕೆ 275 ಲೀಟರ್. ಕೊಡದ ಲೆಕ್ಕದಲ್ಲಿ ಹದಿನೆಂಟು ಕೊಡ ಚಿಲ್ಲರೆ. ಐದು ಜನ ಒಂದು ದಿನ ಉಂಡು, ಕುಡಿದು, ಮಿಂದು, ಬಟ್ಟೆ ಒಗೆದುಕೊಳ್ಳುವ ನೀರಿಗಿಂತ ಹೆಚ್ಚಿನದನ್ನು ನಾನೊಬ್ಬನೇ ಪೇಪರು ಓದುತ್ತ ಕಳೆಯುತ್ತಿದ್ದೆ. ಕರೆಂಟಿನ ಲೆಕ್ಕದಲ್ಲಿ ಅಂಥ ಮೋಟಾರು ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ತಿಂಗಳಿಗೆ ಏಳೆಂಟು ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 500 ರೂಪಾಯಿಯ ಮೇಲೆ. ಟ್ಯಾಂಕು ತುಂಬಿದ ಕೂಡಲೇ ಮೋಟಾರು ತಾನೇ ನಿಲ್ಲುವ ಸ್ವಿಚ್ಚು ಈಗ ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕ್ ಅಂಗಡಿಗಳಲ್ಲೂ ಸಿಗುತ್ತದೆ. ಹಾಕಿಸಿದೆ. ಪಂಚಾಯಿತಿ ನಲ್ಲಿಯಿಂದ ತೊಟ್ಟಿ ತುಂಬಿಸಿಕೊಳ್ಳುವವರಿಗೆ ಅದೂ ಬೇಡ, ತೇಲುವ ಚೆಂಡಿನ ವಾಲ್ವು ಒಂದಿದ್ದರೆ ಸಾಕು.

ರೈತ ಬಾಂಧವರು ಮೊದಲು ಮಾಡಬೇಕಾದ ಕೆಲಸ ಇದೇ, ಅಳೆಯುವುದು. ತಲೆಯ ಮೇಲೆ ಕೊಡ ಹೊತ್ತು ದೂರದ ಬಾವಿಯಿಂದ ನೀರು ತರುತ್ತಿದ್ದ ಕಾಲದಲ್ಲಿ ನಮ್ಮ ತಾಯಂದಿರಿಗೆ ಯಾವ ಕೊಡ ಯಾವ ಕೆಲಸಕ್ಕೆ ಹೋಯಿತು ಎಂಬುದು ಬಾಯಿಪಾಠವಾಗಿತ್ತು. ಆ ಕಷ್ಟ ಮತ್ತೆ ಬರಲಿ ಎಂದು ಯಾರೂ ಹೇಳರು. ಆದರೆ ನಲ್ಲಿ ಬಂತು, ಲೆಕ್ಕ ಹೋಯಿತು ಎಂಬುದಂತೂ ದಿಟ. ಒಂದೇ ಒಂದು ದಿನ ಮನೆಯವರೆಲ್ಲ ಸೇರಿ ಬಳಸಿದ ಪ್ರತಿ ಕೊಡಕ್ಕೂ ಬಚ್ಚಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯಿರಿ. ಕುಡಿಯಲು, ಅಡಿಗೆಗೆ 25 ಲೀಟರ್, ಸ್ನಾನಕ್ಕೆ 100, ಪಾಯಖಾನೆಗೆ 60, ಪಾತ್ರೆ ಬಟ್ಟೆಗೆ 80, ಹೀಗೆ ಒಟ್ಟು 265 ಲೀಟರಿನೊಳಗೆ ಐದು ಜನರ ಮನೆ ನೆಮ್ಮದಿಯಾಗಿ ನಡೆಯುತ್ತದೆ. ಗೋಡೆಯ ಮೇಲೆ ಮೂವತ್ತು ನಲವತ್ತು ಗೆರೆ ಬಿದ್ದರೆ ಎಲ್ಲಿ ಹೆಚ್ಚು ಎಂಬುದನ್ನು ಗೆರೆಗಳೇ ತೋರಿಸುತ್ತವೆ.

ನಲ್ಲಿಗೆ ಮೀಟರು ಕೂರಿಸಿದ್ದರೆ ಇನ್ನೂ ಸುಲಭ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಸಾವಿರ ಲೀಟರಿನವು, ಕೆಂಪು ಅಂಕಿಗಳು ಅದಕ್ಕೂ ಕೆಳಗಿನವು. ಮನೆಯ ಒಳಗಿನ ಸೋರಿಕೆ ಪತ್ತೆಮಾಡಲು ನೀರು ಬರುವ ಹೊತ್ತಿನಲ್ಲಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರು ನೋಡಬೇಕು. ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಮೀಟರು ಇಲ್ಲದವರು ರಾತ್ರಿ ಮಲಗುವಾಗ ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿದರಾಯಿತು.

ಸೋರುವ ನಲ್ಲಿಯನ್ನು ಹಗುರವಾಗಿ ಕಾಣಬಾರದು. ಸೆಕೆಂಡಿಗೊಂದು ಹನಿ ಬಿದ್ದರೆ ಹಗಲು ರಾತ್ರಿ ಸೇರಿ 20 ಲೀಟರ್ ಆಸುಪಾಸು ಆಗುತ್ತದೆ. ಅದು ಒಬ್ಬರ ಸ್ನಾನ. ಹನಿಯ ಬದಲು ನೂಲಿನೆಳೆಯಷ್ಟು ಧಾರೆಯಾಗಿ ಬೀಳುತ್ತಿದ್ದು, ಒಂದು ಲೀಟರಿನ ತಂಬಿಗೆ ಐದು ನಿಮಿಷಕ್ಕೆ ತುಂಬುವುದಾದರೆ ದಿನಕ್ಕೆ 288 ಲೀಟರ್ ಆಯಿತು. ಇಷ್ಟಕ್ಕೆ ಕಾರಣ ನಲ್ಲಿಯೊಳಗಿನ ಒಂದು ರಬ್ಬರ್ ವಾಷರ್, ಇಲ್ಲವೇ ಮರೆ ಸುತ್ತುವ ಬಿಳಿ ಟೇಪು. ಕೆಲವೇ ರೂಪಾಯಿಯ ಸಾಮಾನು, ಹತ್ತು ನಿಮಿಷದ ಕೆಲಸ. ವಾಚನಾಲಯದಲ್ಲಿ ಇದನ್ನು ಓದುತ್ತಿರುವ ಗಂಡಸರಿಗೆ ಒಂದು ಮಾತು. ಮನೆಗೆ ಹೋಗಿ ಹೆಂಗಸರಿಗೆ ನೀರು ಉಳಿಸಿ ಎಂದು ಉಪದೇಶ ಮಾಡುವುದಕ್ಕಿಂತ ಒಂದು ಸ್ಪಾನರು ಹಿಡಿದು ನಲ್ಲಿ ಬಿಚ್ಚುವುದು ಮೇಲು. ಸ್ಪ್ರಿಂಕ್ಲರಿನ ನಾಝಲ್ ಬಿಚ್ಚಿ ಜೋಡಿಸಬಲ್ಲ ಕೈಗೆ ಇದೇನು ಮಹಾ ಕೆಲಸವಲ್ಲ.

ಇನ್ನು ನಿಜವಾಗಿ ದುಡ್ಡು ಹೋಗುವ ಜಾಗಕ್ಕೆ ಬರೋಣ. ಅದು ಬಿಸಿನೀರು. ಬಹಳ ಜನ ಇದನ್ನು ನೀರಿನ ಖರ್ಚೆಂದು ಎಣಿಸುವುದೇ ಇಲ್ಲ. 20 ಲೀಟರಿನ ಒಂದು ಬಕೆಟ್ಟು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಕರೆಂಟು ಬೇಕು. ಕಾಯಿಲ್ ಯಾವ ಕಂಪನಿಯದಾದರೂ, ಗೀಸರ್ ಯಾವ ಬಣ್ಣದ್ದಾದರೂ ಈ ಲೆಕ್ಕ ತಪ್ಪುವುದಿಲ್ಲ. ಐದು ಜನ, ಐದು ಬಕೆಟ್ಟು, ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್.

ಇದಕ್ಕೂ 2023ರಲ್ಲಿ ಬಂದ ಗೃಹಜ್ಯೋತಿಗೂ ನೇರ ಸಂಬಂಧವಿದೆ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದುಕೊಂಡವರು ಇನ್ನೂ ಇದ್ದಾರೆ. ಹಾಗಲ್ಲ. ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಆ ಮನೆಗೆ ಇಷ್ಟು ಎಂದು ಗೊತ್ತುಮಾಡಲಾಗಿದೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ನಲವತ್ತು ಐವತ್ತು ಯೂನಿಟ್ ಬಳಸುತ್ತಿದ್ದ ಮನೆಗೆ ಹೊಸದಾಗಿ ಒಂದು ಕಾಯಿಲ್ ಬಂತೆಂದರೆ ಅದೊಂದರಿಂದಲೇ ಲೆಕ್ಕ ತಲೆಕೆಳಗಾಗುತ್ತದೆ. “ಬಿಲ್ಲು ಸೊನ್ನೆ ಬರ್ತಿತ್ತು, ಈಗ ಯಾಕೆ ಬರ್ತಿದೆ?” ಎಂದು ಲೈನ್‌ಮನ್ ಜತೆ ಜಗಳಕ್ಕೆ ನಿಲ್ಲುವ ಮೊದಲು ಬಚ್ಚಲಿಗೆ ಹೋಗಿ ನೋಡಬೇಕು.

ಸೌದೆಯ ಹಂಡೆಯವರೂ ತಪ್ಪಿಸಿಕೊಳ್ಳುವಂತಿಲ್ಲ. ಮಾಮೂಲಿ ಒಲೆಯಲ್ಲಿ ಬೆಂಕಿಯ ಕಾವಿನ ಹೆಚ್ಚಿನ ಪಾಲು ಹೊರಗೇ ಹೋಗುತ್ತದೆ. ಅದೇ ಐದು ಬಕೆಟ್ಟಿಗೆ ಮೂರೂವರೆ ನಾಲ್ಕು ಕೆ.ಜಿ. ಒಣಸೌದೆ ಬೇಕು, ತಿಂಗಳಿಗೆ ಕ್ವಿಂಟಾಲಿಗೆ ಮೇಲಾಯಿತು. ಗ್ಯಾಸಿನಲ್ಲಿ ಕಾಯಿಸುವವರಿಗೆ ದಿನಕ್ಕೆ 300 ಗ್ರಾಂನಂತೆ ಒಂದೂವರೆ ತಿಂಗಳಿಗೆ ಒಂದು ಸಿಲಿಂಡರ್ ಬರೀ ಸ್ನಾನಕ್ಕೆ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆ ನಮ್ಮ ಕಡೆ ಅನೇಕ ಮನೆಗಳಿಗೆ ಬಂದಿತ್ತು. ಹಂಡೆಗೂ ಅಂಥದೇ ಮುಚ್ಚಿದ ಒಲೆ, ಹೊಗೆ ಕೊಳವೆ ಇದ್ದರೆ ಸೌದೆ ಕಡಿಮೆ ಸಾಕು. ಹಳೆಯದನ್ನು ಒಡೆದು ಎಸೆದವರು ತಪ್ಪು ಮಾಡಿದರು ಎಂದೇ ನನ್ನ ಅಭಿಪ್ರಾಯ. ಕೊಳವೆಬಾವಿಯ ಗಡಸು ನೀರಿನಿಂದ ಹಂಡೆಯ ಒಳಮೈಗೆ ಕಟ್ಟುವ ಬಿಳಿ ಪದರವೂ ಕಾವನ್ನು ತಡೆಯುತ್ತದೆ. ಆಗಾಗ ಹುಣಸೆಹಣ್ಣು ಹಾಕಿ ಉಜ್ಜಿ ತೆಗೆಯಬೇಕು.

ಹಾಗಾದರೆ ಸ್ನಾನ ಬಿಡಬೇಕೆ? ಬೇಡ. 20 ಲೀಟರಿನ ಜಾಗದಲ್ಲಿ 15 ಲೀಟರ್ ಕಾಯಿಸಿದರೆ ಕಾಲು ಭಾಗ ಖರ್ಚು ಇಳಿಯಿತು, ತಿಂಗಳಿಗೆ 18-19 ಯೂನಿಟ್. ನಲ್ಲಿಯಿಂದ ಬಿಸಿನೀರು ಬರುವವರೆಗೆ ಬೀಳುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಬೆರೆಸಲು ಇಟ್ಟುಕೊಳ್ಳಿ. ಹೊಸ ಮನೆಗಳಲ್ಲಿ ಮಕ್ಕಳ ಆಸೆಗೆಂದು ಶವರ್ ಹಾಕಿಸುತ್ತಿದ್ದಾರೆ. ಅದರ ಕೆಳಗೆ ಐದು ನಿಮಿಷ ನಿಂತರೆ 40 ಲೀಟರ್ ಸುಲಭವಾಗಿ ಇಳಿಯುತ್ತದೆ. ಬಕೆಟ್ಟು ತಂಬಿಗೆಯ ಸ್ನಾನಕ್ಕೆ ಸಮವಿಲ್ಲ. ಬೇಸಿಗೆಯಲ್ಲಂತೂ ಮಾಳಿಗೆಯ ಮೇಲಿನ ಕರಿ ಟ್ಯಾಂಕಿನ ನೀರು ಸಂಜೆಗೆ ತಾನೇ ಬೆಚ್ಚಗಿರುತ್ತದೆ. ಸಂಜೆ ಮೀಯುವ ಮನೆಯವರಿಗೆ ಮೂರು ತಿಂಗಳು ಒಲೆಯೇ ಬೇಡ.

ಪಾಯಖಾನೆಯ ವಿಷಯದಲ್ಲಿ ಹಳ್ಳಿಯವರೇ ಜಾಣರು. ನಮ್ಮ ಇಳಿಜಾರು ಪ್ಯಾನಿಗೆ ಎರಡು ಮೂರು ಲೀಟರ್ ಸುರಿದರೆ ಸಾಕು. ಪೇಟೆಯ ಹಳೇ ಫ್ಲಷ್ ತೊಟ್ಟಿಗಳು ಒಂದು ಸಲಕ್ಕೆ 10 ಲೀಟರ್ ಸುರಿಯುತ್ತವೆ. ಹೊಸ ಮನೆಗೆ ಕಮೋಡು ಹಾಕಿಸುವವರು ಎರಡು ಗುಂಡಿಯ ತೊಟ್ಟಿಯನ್ನೇ ಕೇಳಿ ತನ್ನಿ. ಆಗಲೇ ಹಳೇ ತೊಟ್ಟಿ ಇದ್ದರೆ ಮರಳು ತುಂಬಿದ ಲೀಟರ್ ಬಾಟಲಿಯನ್ನು ಅದರೊಳಗೆ ನಿಲ್ಲಿಸಿದರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ.

ಎಲ್ಲಿ ಉಳಿಸಬಾರದು ಎಂಬುದನ್ನೂ ಹೇಳಬೇಕು. ಊಟಕ್ಕೆ ಮುಂಚೆ, ಪಾಯಖಾನೆಯ ನಂತರ ಸೋಪು ಹಾಕಿ ಕೈ ತೊಳೆಯುವ ನೀರಿನಲ್ಲಿ ಜಿಪುಣತನ ಬೇಡ, ಅಲ್ಲಿ ಉಳಿಸಿದ್ದು ಆಸ್ಪತ್ರೆಗೆ ಹೋಗುತ್ತದೆ. ದನಗಳ ಕುಡಿಯುವ ನೀರನ್ನೂ ಮುಟ್ಟಬೇಡಿ. ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ದಿನಕ್ಕೆ 60-80 ಲೀಟರ್ ಕುಡಿಯುತ್ತದೆ. ನೀರು ಕಡಿಮೆಯಾದರೆ ಅಂದೇ ಸಂಜೆ ಡೇರಿಯ ಕ್ಯಾನು ಹೇಳುತ್ತದೆ. ತಲೆಗೆ 55 ಲೀಟರ್ ಎಂಬ ಲೆಕ್ಕದಲ್ಲಿ ದನಕರುಗಳ ಪಾಲು ಸೇರಿಲ್ಲ ಎಂಬುದನ್ನು ಪಂಚಾಯಿತಿ ಸದಸ್ಯರು ನೆನಪಿಡಬೇಕು. ಆದರೆ ಹಸು ತೊಳೆಯಲು ಪೈಪು ಬಿಟ್ಟು ಹರಟೆಗೆ ನಿಲ್ಲುವುದು ಬೇರೆ ಮಾತು. ಮೊದಲು ಸಗಣಿ ಬಾಚಿ, ಗೊಂತು ಗುಡಿಸಿ, ಆಮೇಲೆ ಬಕೆಟ್ಟಿನಲ್ಲಿ ತೊಳೆದರೆ ಅರ್ಧ ನೀರು ಸಾಕು.

ಸಭೆಯಲ್ಲಿ ಕೇಳಿಬಂದ ಇನ್ನೊಂದು ಮಾತು, “ನಮ್ಮ ಮನೆಗೆ ತೋಟದ ಬೋರಿನಿಂದಲೇ ಪೈಪು. ಹತ್ತು ಎಚ್.ಪಿ.ವರೆಗೆ ಕರೆಂಟು ಬಿಟ್ಟಿ. ನಮಗೆಲ್ಲಿ ಬಿಲ್ಲು?” ಕರೆಂಟು ಬಿಟ್ಟಿ ಇರಬಹುದು, ಮೋಟಾರು ಬಿಟ್ಟಿಯೇ? ಸುಟ್ಟರೆ ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸುವ ಖರ್ಚು ಯಾರ ಜೇಬಿನದು? ನೀರು ಕೆಳಗಿಳಿದು ಇನ್ನಷ್ಟು ಪೈಪು ಇಳಿಸಬೇಕಾದರೆ? ಅದಕ್ಕಿಂತ ಹೆಚ್ಚಾಗಿ, ಮನೆಯ ಎರಡು ಕೊಡಕ್ಕೆ ಐದು ಎಚ್.ಪಿ. ಮೋಟಾರು ಹಾಕುವುದು ಕಡ್ಡಿ ಮುರಿಯಲು ಕೊಡಲಿ ತಂದ ಹಾಗೆ.

ಪಂಚಾಯಿತಿಯ ಕುಡಿಯುವ ನೀರಿನ ಮೋಟಾರಿಗೆ ಈ ಬಿಟ್ಟಿ ಕರೆಂಟು ಇಲ್ಲ. ಅದಕ್ಕೆ ಮೀಟರು ಓಡುತ್ತದೆ, ಬಿಲ್ಲು ಬರುತ್ತದೆ. ನಾನು ತಿರುಗಾಡುವ ಊರುಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ಟ್ಯಾಂಕಿನ ಹತ್ತಿರದ ಬೀದಿಯಲ್ಲಿ ಹಲವು ಮನೆಗಳ ಪೈಪಿಗೆ ನಲ್ಲಿಯೇ ಇಲ್ಲ. ನೀರು ಬಿಟ್ಟಷ್ಟು ಹೊತ್ತೂ ಅಂಗಳ, ಅಂಗಳದಿಂದ ಚರಂಡಿ. ಕೆಲವರು ಪೈಪಿಗೇ ಮೋಟಾರು ಕೂರಿಸಿ ಎಳೆಯುತ್ತಾರೆ. ಊರ ಕೊನೆಯ ಓಣಿಗೆ, ಅಂದರೆ ಸಾಮಾನ್ಯವಾಗಿ ಬಡವರ ಓಣಿಗೆ, ಎರಡು ಕೊಡ ತುಂಬುವಷ್ಟರಲ್ಲಿ ಟ್ಯಾಂಕು ಬರಿದು. ಅಲ್ಲಿಯವರು ಕೂಗಾಡಿದಾಗ ನೀರುಗಂಟಿ ಇನ್ನೊಂದು ಗಂಟೆ ಮೋಟಾರು ಓಡಿಸುತ್ತಾನೆ. ಐದು ಎಚ್.ಪಿ.ಯದಾದರೆ ಗಂಟೆಗೆ ನಾಲ್ಕೂವರೆ ಯೂನಿಟ್, ತಿಂಗಳಿಗೆ 135. ಆ ಹಣ ಊರಿನ ಹಣ. ಬೀದಿ ದೀಪಕ್ಕೋ ಚರಂಡಿಗೋ ಹೋಗಬೇಕಾದದ್ದು. ನೀರಿನ ದರ ಏರಿಸುವ ಠರಾವು ಬಂದಾಗ ಮೊದಲು ಕೂಗುವವರು ಮೇಲಿನ ಬೀದಿಯವರೇ. ನೂರು ಪೈಪಿಗೆ ನೂರು ನಲ್ಲಿ ಹಾಕಿಸಿ, ಎಳೆಯುವ ಮೋಟಾರುಗಳನ್ನು ಕಿತ್ತು, ಆಮೇಲೆ ದರದ ಮಾತಾಡುವುದು ನ್ಯಾಯ. ಇದಕ್ಕೆ ಯಾವ ಇಲಾಖೆಯ ಅಪ್ಪಣೆಗೂ ಕಾಯಬೇಕಿಲ್ಲ. ಊರಿನ ನೀರು ಸಮಿತಿ ಒಂದು ಭಾನುವಾರ ಬೀದಿ ಸುತ್ತಿದರೆ ಆಗುವ ಕೆಲಸ.

ಬಳಸಿದ ನೀರಿಗೂ ಬೆಲೆ ಇದೆ. ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲಿನಿಂದ ಮನೆಗೆ ದಿನಕ್ಕೆ 150 ಲೀಟರ್ ಸಿಕ್ಕರೆ ಬೇಸಿಗೆಯಲ್ಲಿ ಎರಡು ಮೂರು ತೆಂಗಿನ ಮರ ಒಣಗದೆ ನಿಲ್ಲುತ್ತವೆ. ಬಾಳೆ, ನುಗ್ಗೆ, ಕರಿಬೇವು, ಪಪ್ಪಾಯಿ ಕೂಡ ಬರುತ್ತವೆ. ದಿನವೂ ಒಂದೇ ಬುಡಕ್ಕೆ ಸೋಪಿನ ನೀರು ಬಿಡದೆ ಸರದಿಯಂತೆ ತಿರುಗಿಸಬೇಕು. ಹಸಿಯಾಗಿ ತಿನ್ನುವ ಸೊಪ್ಪು, ಕೊತ್ತಂಬರಿ, ಮೂಲಂಗಿಗೆ ಈ ನೀರು ಬೇಡ. ಉದ್ಯೋಗ ಖಾತ್ರಿಯಲ್ಲಿ ಬಚ್ಚಲುಗುಂಡಿ ಮಾಡಿಸಿಕೊಂಡವರು ಅದರ ಮಗ್ಗುಲಲ್ಲಿ ಒಂದು ಬಾಳೆಗಿಡ ನೆಟ್ಟು ನೋಡಲಿ. ಮನೆಯಲ್ಲಿ ಆರ್.ಓ. ಯಂತ್ರ ಇಟ್ಟವರಿಗೆ ಒಂದು ಲೀಟರ್ ಒಳ್ಳೇ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಅದನ್ನು ನೆಲ ಒರೆಸಲು, ಪಾಯಖಾನೆಗೆ, ಪಾತ್ರೆಯ ಮೊದಲ ತೊಳೆತಕ್ಕೆ ಹಿಡಿದಿಡಿ. ಗಿಡಕ್ಕೆ ಮಾತ್ರ ದಿನವೂ ಹಾಕಬೇಡಿ, ಉಪ್ಪು ಕೂಡುತ್ತದೆ.

ಕಡೆಯದಾಗಿ ಸೂರಿನ ನೀರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್, ಇಷ್ಟು ನೆನಪಿಟ್ಟರೆ ಸಾಕು. 30 ಅಡಿಗೆ 20 ಅಡಿ ಮನೆ ಎಂದರೆ ಸುಮಾರು 55 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಊರಿನಲ್ಲಿ, ಐದನೆಯ ಒಂದು ಪಾಲು ಕಳೆದುಹೋಯಿತೆಂದರೂ, ಆ ಸೂರಿನಿಂದ 26,000 ಲೀಟರ್ ಸಿಗುತ್ತದೆ. ಅಷ್ಟನ್ನೂ ಕೂಡಿಡುವ ತೊಟ್ಟಿ ಕಟ್ಟಿಸಿ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಸಾಲ ಮಾಡಬೇಕಾಗುತ್ತದೆ. ಒಂದು ಸಾವಿರ ಲೀಟರಿನ ಟ್ಯಾಂಕಿನಿಂದ ಶುರುಮಾಡಿ. 20 ಮಿ.ಮೀ.ನ ಒಂದು ಹದ ಮಳೆಗೆ ಅದು ಹೆಚ್ಚುಕಡಿಮೆ ತುಂಬುತ್ತದೆ. ದಿನಕ್ಕೆ ಒಂದು ಕ್ಯಾನಿನಂತೆ ಐವತ್ತು ದಿನದ ಕುಡಿಯುವ ನೀರು. ಕ್ಯಾನಿಗೆ 5 ರೂಪಾಯಿಯಂತೆ ಹಿಡಿದರೂ 250 ರೂಪಾಯಿ, ಜತೆಗೆ ಘಟಕಕ್ಕೆ ಹೋಗಿಬರುವ ಬೈಕಿನ ಪೆಟ್ರೋಲು. ಪಾವಗಡ, ಶಿರಾ, ಬಾಗೇಪಲ್ಲಿ, ಮುಂಡರಗಿಯಂಥ ಫ್ಲೋರೈಡ್ ಸೀಮೆಯವರಿಗೆ ಇದರಲ್ಲಿ ಹಣಕ್ಕಿಂತ ದೊಡ್ಡ ಲಾಭವಿದೆ. ಮಕ್ಕಳ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಮಳೆನೀರಿನಲ್ಲಿ ಇರುವುದಿಲ್ಲ.

ಹೆಂಚು, ತಗಡು, ಆರ್.ಸಿ.ಸಿ. ಯಾವ ಸೂರಾದರೂ ಆದೀತು. ಸಿಮೆಂಟ್ ಶೀಟಿನ ನೀರನ್ನು ಮಾತ್ರ ಕುಡಿಯಲು ಬಳಸದೆ ಬಟ್ಟೆ ಪಾತ್ರೆಗೆ ಇಟ್ಟುಕೊಳ್ಳಿ. ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಗೆ ಬಿಡಬೇಕು, ಸೂರಿನ ಮೇಲಿನ ದೂಳು ಹಕ್ಕಿ ಹಿಕ್ಕೆಯೆಲ್ಲ ಅದರಲ್ಲಿ ಹೋಗುತ್ತದೆ. ಆಮೇಲಿನ ನೀರು ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಇಳಿಯಲಿ. ಟ್ಯಾಂಕಿಗೆ ಬಿಸಿಲು ಹೋಗದಂತೆ ಮುಚ್ಚಳ, ಸೊಳ್ಳೆ ಹೋಗದಂತೆ ಬಾಯಿಗೆ ಬಲೆ. ಕುಡಿಯುವ ಮೊದಲು ಕುದಿಸಿ ಆರಿಸಬೇಕು. ಸೂರಿನಂಚಿಗೆ ಸೀಳಿದ ಪಿ.ವಿ.ಸಿ. ಪೈಪಿನ ದೋಣಿ ಕಟ್ಟುವ ಕೆಲಸ ಭರಣಿ ಮಳೆಗೆ ಮುಂಚೆಯೇ ಮುಗಿಯಲಿ. ಮುಂಗಾರು ಬಂದ ಮೇಲೆ ಬಿತ್ತನೆ ಬಿಟ್ಟು ಏಣಿ ಹತ್ತುವವರು ಯಾರೂ ಇಲ್ಲ.